ದೂರ ಮತ್ತು ಸಾಮೀಪ್ಯ: ಬಿ. ವಿ. ಕಾರಂತರ ರಂಗಬದುಕು ಹಾಗೂ ಕನ್ನಡ ಚಲನಚಿತ್ರದ ಪ್ರೇಕ್ಷಕ

೧. ಪ್ರವೇಶಿಕೆ

ಆಧುನಿಕ ಕನ್ನಡ ರಂಗಭೂಮಿಯನ್ನು ಕುರಿತ ಚರ್ಚೆಗಳಲ್ಲಿ ಬಿ. ವಿ. ಕಾರಂತರ ಹೆಸರು ಎರಡು ಕಾರಣಗಳಿಗಾಗಿ ಮತ್ತೆ ಮತ್ತೆ ಪ್ರಸ್ತಾಪಗೊಳ್ಳುತ್ತದೆ. ರಂಗಸಂಗೀತಕ್ಕೆ ಅವರು ತಂದುಕೊಟ್ಟ ಹೊಸ ಅರ್ಥ ಒಂದು. ಜನಪದ ರಂಗಪ್ರಕಾರಗಳನ್ನು ಆಧುನಿಕ ನಾಟಕಕ್ಕೆ ಒಗ್ಗಿಸಿದ ರೀತಿ ಇನ್ನೊಂದು. ಚಲನಚಿತ್ರ ನಿರ್ದೇಶಕರಾಗಿ ಮತ್ತು ಚಿತ್ರಸಂಗೀತಗಾರರಾಗಿ ಅವರು ಮಾಡಿದ ಕೆಲಸವು ಹೊಸ ಅಲೆಯ ಸಿನಿಮಾದ ಚರಿತ್ರೆಯಲ್ಲಿ ಸಾಮಾನ್ಯವಾಗಿ ಬೇರೆಯೇ ಒಂದು ಅಧ್ಯಾಯವಾಗಿ ಬರುತ್ತದೆ. ಆದರೆ ಅವರ ಬದುಕಿನಲ್ಲಿ ಇವೆರಡೂ ಬೇರೆ ಬೇರೆಯಾಗಿರಲಿಲ್ಲ. ಪ್ರೇಕ್ಷಕನನ್ನು ಕಥೆಯಲ್ಲಿ ಎಷ್ಟು ಮುಳುಗಿಸಬೇಕು, ಎಲ್ಲಿ ತಡೆದು ನಿಲ್ಲಿಸಬೇಕು ಎಂಬ ಒಂದೇ ಪ್ರಶ್ನೆ ಎರಡೂ ಮಾಧ್ಯಮಗಳಲ್ಲಿ ಅವರನ್ನು ಕಾಡಿದಂತೆ ತೋರುತ್ತದೆ.

ರಂಗಭೂಮಿಗೆ ಈ ಪ್ರಶ್ನೆಯನ್ನು ಎದುರಿಸುವ ಸಾಧನಗಳು ಹಲವು. ಭಾಗವತ, ಸೂತ್ರಧಾರ, ಅರ್ಧತೆರೆ, ಮುಖವಾಡ, ಮೇಳ ಇವೆಲ್ಲ ನೋಡುತ್ತಿರುವುದು ಆಟವೆಂಬ ಎಚ್ಚರವನ್ನು ಉಳಿಸುತ್ತವೆ. ಚಲನಚಿತ್ರದ ಸ್ಥಿತಿ ಇದಕ್ಕಿಂತ ಭಿನ್ನ. ಕ್ಯಾಮೆರಾ ಮನುಷ್ಯನ ಮುಖದ ತೀರ ಹತ್ತಿರಕ್ಕೆ ಹೋಗುತ್ತದೆ. ಕತ್ತಲೆಯಲ್ಲಿ ಕುಳಿತವನಿಗೆ ತೆರೆಯ ಮೇಲಿನದು ನಿಜವೆನಿಸುತ್ತದೆ. ಇಂತಹ ಮಾಧ್ಯಮದಲ್ಲಿ ರಂಗಭೂಮಿಯ ದೂರೀಕರಣ ತಂತ್ರಕ್ಕೆ ಎಡೆ ಎಲ್ಲಿದೆ? ಕಾರಂತರು ಈ ದೂರವನ್ನು ಕಣ್ಣಿನಿಂದ ಕಿವಿಗೆ ವರ್ಗಾಯಿಸಿದರು, ದೃಶ್ಯವನ್ನು ವಾಸ್ತವಕ್ಕೆ ಬಿಟ್ಟುಕೊಟ್ಟು ನಾದದಲ್ಲಿ ಭಾಗವತನನ್ನು ಉಳಿಸಿಕೊಂಡರು ಎಂಬುದು ಅವರ ಬದುಕನ್ನು ಕ್ರಮವಾಗಿ ಗಮನಿಸಿದಾಗ ಸ್ಪಷ್ಟವಾಗುತ್ತದೆ.

೨. ಮಂಚಿಯಿಂದ ಗುಬ್ಬಿ ಕಂಪನಿಗೆ

ಬಾಬುಕೋಡಿ ವೆಂಕಟರಮಣ ಕಾರಂತರು 1929ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಜನಿಸಿದರು. ಅದು ಯಕ್ಷಗಾನ ಬಯಲಾಟ ಮತ್ತು ತಾಳಮದ್ದಲೆಗಳು ನಿತ್ಯಜೀವನದ ಭಾಗವಾಗಿದ್ದ ಪ್ರದೇಶ. ಶಾಲಾ ಬಾಲಕನಾಗಿದ್ದಾಗ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಪಾತ್ರ ವಹಿಸಿದ್ದು ಅವರ ಮೊದಲ ರಂಗಾನುಭವ.

ಈ ಪ್ರದೇಶದ ರಂಗಪ್ರಕಾರಗಳಲ್ಲಿ ದೂರವೆಂಬುದು ತಂತ್ರವಾಗಿ ಬಂದುದಲ್ಲ, ಸಹಜ ನಡೆಯಾಗಿಯೇ ಇದ್ದುದು. ಬಯಲಾಟದಲ್ಲಿ ಭಾಗವತನು ರಂಗದ ಮೇಲೆಯೇ ಇದ್ದು ಕಥೆಯನ್ನು ಹಾಡುತ್ತಾನೆ, ಪಾತ್ರವನ್ನು ಮಾತಾಡಿಸುತ್ತಾನೆ, ಅದರ ಮಾತಿಗೆ ಅಡ್ಡಬರುತ್ತಾನೆ. ತಾಳಮದ್ದಲೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ನಿತ್ಯದ ಉಡುಪಿನಲ್ಲಿ ಕುಳಿತ ಅರ್ಥಧಾರಿಯೊಬ್ಬ ಕರ್ಣನ ಪಕ್ಷವನ್ನು ವಾದಿಸುತ್ತಾನೆ; ಎದುರಿಗೆ ಕುಳಿತವನು ಕೃಷ್ಣನಾಗಿ ಅದನ್ನು ಖಂಡಿಸುತ್ತಾನೆ. ಕೇಳುವವನು ಕರ್ಣನಿಗಾಗಿ ಮರುಗುತ್ತಲೇ ಅವನ ವಾದದ ಬಲಾಬಲಗಳನ್ನೂ ತೂಗುತ್ತಾನೆ. ಭಾವ ಮತ್ತು ವಿಚಾರ ಇಲ್ಲಿ ಪರಸ್ಪರ ವಿರೋಧಿಗಳಲ್ಲ. ಈ ಗುಣ ಕರಾವಳಿಗೆ ಮಾತ್ರ ಸೀಮಿತವಾದುದೂ ಅಲ್ಲ. ಚಿತ್ರದುರ್ಗ, ಬಳ್ಳಾರಿ, ಜಗಳೂರು ಸೀಮೆಯ ದೊಡ್ಡಾಟದಲ್ಲಿ ರಂಗಕ್ಕೆ ಬಂದ ರಾಜನನ್ನು ಸಾರಥಿಯು ತಡೆದು, ಅವನ ಹೆಸರು, ಊರು, ಬಂದ ಕಾರಣಗಳನ್ನು ಕೇಳುತ್ತಾನೆ. ವಿಚಾರಣೆಗೆ ಒಳಪಟ್ಟ ನಂತರವೇ ಪಾತ್ರ ಪಾತ್ರವಾಗುತ್ತದೆ.

ಎಳೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟ ಕಾರಂತರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ಮುಂದೆ ರಾಜ್‌ಕುಮಾರ್ ಎಂದು ಖ್ಯಾತರಾದ ಮುತ್ತುರಾಜರೂ ಪಳಗಿದ ಕಂಪನಿಯದು. ಅಲ್ಲಿ ಕಂಡದ್ದು ಬೇರೊಂದು ರಂಗಭೂಮಿ: ಚಿತ್ರಿತ ಪರದೆಗಳು, ಯಂತ್ರತಂತ್ರಗಳ ಬೆರಗು, 'ಕುರುಕ್ಷೇತ್ರ'ದಲ್ಲಿ ರಂಗಕ್ಕೆ ಬರುವ ಆನೆ ಕುದುರೆಗಳು. ಮೇಲುನೋಟಕ್ಕೆ ಇದು ಭ್ರಮೆಯನ್ನು ಪೂರ್ಣಗೊಳಿಸಲು ಹೆಣಗುವ ರಂಗಭೂಮಿ. ಆದರೆ ಅದೇ ಕಂಪನಿ ನಾಟಕಗಳಲ್ಲಿ ಪ್ರೇಕ್ಷಕರು ಹಾಡು ಮೆಚ್ಚಿ ಒನ್ಸ್ ಮೋರ್ ಎಂದು ಕೂಗಿದರೆ ನಟನು ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಮತ್ತೆ ಹಾಡುತ್ತಿದ್ದನು. ಶೋಕದ ಸನ್ನಿವೇಶವೂ ಇದಕ್ಕೆ ಹೊರತಾಗಿರಲಿಲ್ಲ. ಇಂದಿಗೂ ಸವಳಂಗ, ಹೊನ್ನಾಳಿಯ ಕಡೆಯ ಹಳ್ಳಿಗಳನ್ನೂ ಒಳಗೊಂಡಂತೆ ನಾಡಿನ ಜಾತ್ರೆಗಳಲ್ಲಿ ಆಡುವ ನಾಟಕಗಳಿಗೆ ಈ ಕಂಪನಿ ಮಾದರಿಯೇ ಆಧಾರ. ಅತ್ತು ಮುಗಿಸಿದ ಪ್ರೇಕ್ಷಕನೇ ಮರುಕ್ಷಣ ಹಾಡಿನ ವರಸೆಯನ್ನು ವಿಮರ್ಶಿಸುವ ಈ ಅಭ್ಯಾಸವನ್ನು ಕಾರಂತರು ಒಳಗಿನಿಂದಲೇ ಅರಿತಿದ್ದರು. ಹಾಡು ಕಥೆಯನ್ನು ಕಡಿಯುತ್ತದೆ, ಆದರೆ ಪ್ರೇಕ್ಷಕನನ್ನು ಕಳೆದುಕೊಳ್ಳುವುದಿಲ್ಲ ಎಂಬ ತಿಳಿವಳಿಕೆ ಅವರಿಗೆ ದೊರೆತದ್ದು ಇಲ್ಲಿಯೇ ಎಂದು ಹೇಳಬಹುದು.

೩. ಕಾಶಿ ಮತ್ತು ದೆಹಲಿ

ವೀರಣ್ಣನವರೇ ಕಾರಂತರನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಅವರು ಸ್ನಾತಕೋತ್ತರ ಪದವಿ ಪಡೆದರು. ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ 1962ರಲ್ಲಿ ಪದವೀಧರರಾದರು. ನಂತರ ಕೆಲವು ವರ್ಷ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಹಿಂದಿ ಮತ್ತು ಕನ್ನಡಗಳ ನಡುವೆ ನಾಟಕಗಳನ್ನು ಅನುವಾದಿಸುವ ಕೆಲಸವೂ ಈ ಅವಧಿಯಲ್ಲಿ ಗಟ್ಟಿಗೊಂಡಿತು.

ಭಾರತೀಯ ರಂಗಭೂಮಿಗೆ ಬರ್ಟೋಲ್ಟ್ ಬ್ರೆಕ್ಟ್ ಪ್ರಬಲವಾಗಿ ಪ್ರವೇಶಿಸಿದ ಕಾಲವೂ ಇದೇ. 1956ರಲ್ಲಿ ತೀರಿಕೊಂಡ ಈ ಜರ್ಮನ್ ನಾಟಕಕಾರನ ಚಿಂತನೆಯಲ್ಲಿ ದೂರೀಕರಣಕ್ಕೆ ಕೇಂದ್ರಸ್ಥಾನವಿದೆ. ಪರಿಚಿತವಾದುದನ್ನು ಅಪರಿಚಿತಗೊಳಿಸಿ ತೋರಿಸಿದಾಗ ಪ್ರೇಕ್ಷಕನು ಅದು ಹೀಗೆಯೇ ಇರಬೇಕಾಗಿಲ್ಲ, ಬದಲಾಗಬಲ್ಲುದು ಎಂದು ಕಾಣುತ್ತಾನೆಂಬುದು ಅದರ ತಿರುಳು. 1935ರಲ್ಲಿ ಮಾಸ್ಕೋದಲ್ಲಿ ಚೀನಾದ ನಟ ಮೇ ಲಾನ್‌ಫಾಂಗ್‌ನ ಅಭಿನಯವನ್ನು ಕಂಡದ್ದು ಬ್ರೆಕ್ಟ್‌ನ ಈ ಆಲೋಚನೆಗೆ ಸ್ಪಷ್ಟ ರೂಪ ಕೊಟ್ಟಿತು. ಅಂದರೆ ಯುರೋಪಿನ ಈ ಸಿದ್ಧಾಂತದ ಹಿಂದೆ ಏಷ್ಯಾದ ರಂಗಾನುಭವವೇ ಇದೆ. ಹೀಗಾಗಿ ದೆಹಲಿಯಲ್ಲಿ ಬ್ರೆಕ್ಟ್‌ನನ್ನು ಎದುರುಗೊಂಡ ಕಾರಂತರ ತಲೆಮಾರಿಗೆ ಅವನು ಸಂಪೂರ್ಣ ಹೊಸಬನಾಗಿ ಕಾಣಲಿಲ್ಲ. ಊರಿನಲ್ಲಿ ಬಿಟ್ಟುಬಂದುದನ್ನು ಹೊಸ ಕಣ್ಣಿನಿಂದ ನೋಡುವ ನೆಪವಾಗಿ ಒದಗಿದನು.

ಇಲ್ಲಿ ಒಂದು ಭೇದವನ್ನು ಗುರುತಿಸುವುದು ಅಗತ್ಯ. ಭಾರತೀಯ ಕಾವ್ಯಮೀಮಾಂಸೆಯು ಸಾಧಾರಣೀಕರಣದ ಮೂಲಕ ಪ್ರೇಕ್ಷಕನನ್ನು ಅವನ ಸ್ವಂತ ಸುಖದುಃಖಗಳಿಂದ ಬಿಡಿಸುತ್ತದೆ. ಸ್ವಂತದ ಸುಖದುಃಖಗಳಿಗೆ ವಶನಾಗುವುದು ಅಭಿನವಗುಪ್ತನ ದೃಷ್ಟಿಯಲ್ಲಿ ರಸಾನುಭವಕ್ಕೆ ವಿಘ್ನ. ಬ್ರೆಕ್ಟ್‌ನೂ ಪ್ರೇಕ್ಷಕನನ್ನು ಬಿಡಿಸುತ್ತಾನೆ, ಆದರೆ ಬಿಡಿಸಿ ಆಸ್ವಾದದ ಕಡೆಗಲ್ಲ, ತೀರ್ಮಾನದ ಕಡೆಗೆ ಕಳುಹಿಸುತ್ತಾನೆ. ಕಾರಂತರ ಪ್ರಯೋಗಗಳು ಈ ಎರಡರ ನಡುವಿನ ದಾರಿಯಲ್ಲಿ ನಡೆದವು. ಅವರ ಪ್ರೇಕ್ಷಕ ಮೊದಲು ಹಾಡಿಗೆ ಮನಸೋಲುತ್ತಾನೆ. ಆ ಹಾಡೇ ಅವನನ್ನು ಕಥೆಯಿಂದ ಒಂದು ಹೆಜ್ಜೆ ಹಿಂದೆ ನಿಲ್ಲಿಸುತ್ತದೆ.

೪. ಎಪ್ಪತ್ತರ ದಶಕದ ರಂಗಪ್ರಯೋಗಗಳು

1972ರಲ್ಲಿ ಬೆಂಗಳೂರಿನ ಬಯಲುರಂಗದಲ್ಲಿ ಕಾರಂತರು ನಿರ್ದೇಶಿಸಿದ ಮೂರು ನಾಟಕಗಳು ಕನ್ನಡ ರಂಗಭೂಮಿಯ ದಿಕ್ಕನ್ನು ಬದಲಿಸಿದವೆಂಬುದು ಸರ್ವವಿದಿತ. ಲಂಕೇಶರು ಅನುವಾದಿಸಿದ 'ಈಡಿಪಸ್', ಅವರದೇ 'ಸಂಕ್ರಾಂತಿ', ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ಈ ಮೂರೂ ಸ್ವರೂಪದಲ್ಲಿ ತೀರ ಭಿನ್ನ. ಆದರೆ ಗುಂಪು, ಮೇಳ, ನಾದಗಳು ಮೂರರಲ್ಲಿಯೂ ವ್ಯಕ್ತಿಯ ಕಥೆಯನ್ನು ಸಮುದಾಯದ ಎದುರು ತಂದು ನಿಲ್ಲಿಸಿದವು. ಭೂಮಿ ಯಾರದು ಎಂಬ ಪ್ರಶ್ನೆಯನ್ನು 'ಜೋಕುಮಾರಸ್ವಾಮಿ'ಯ ಮೇಳವು ಹಾಡಿ ಕುಣಿದು ಕೇಳಿತು. ಅದೇ ಪ್ರಶ್ನೆ ಮೂರು ವರ್ಷಗಳ ಬಳಿಕ ಕಾರಂತರ ಚಲನಚಿತ್ರದಲ್ಲಿ ಬೇರೆ ರೂಪದಲ್ಲಿ ಮರಳಿತು.

ಗಿರೀಶ ಕಾರ್ನಾಡರ 'ಹಯವದನ'ವನ್ನು ಕಾರಂತರು ತಾವೇ ಹಿಂದಿಗೆ ಅನುವಾದಿಸಿ ದೆಹಲಿಯಲ್ಲಿ ಆಡಿಸಿದರು. ಬೆಂಗಳೂರಿನಲ್ಲಿ ಬೆನಕ ತಂಡವು ಅದರ ಕನ್ನಡ ಪ್ರಯೋಗವನ್ನು ನೀಡಿತು. ಕಥಾಸರಿತ್ಸಾಗರದ ಕಥೆ ಥಾಮಸ್ ಮಾನ್‌ನ ಕೃತಿಯ ಮೂಲಕ ಹಾದು ಬಂದು ರೂಪುಗೊಂಡ ಈ ನಾಟಕದಲ್ಲಿ ದೂರೀಕರಣದ ಸಾಧನಗಳು ಪಠ್ಯದಲ್ಲಿಯೇ ಇವೆ. ಭಾಗವತ ಕಥೆ ಹೇಳುತ್ತಾನೆ, ಕುದುರೆತಲೆಯ ಮನುಷ್ಯ ನಡುವೆ ನುಗ್ಗಿ ಕಥೆಯನ್ನು ತಡೆಯುತ್ತಾನೆ, ಗೊಂಬೆಗಳು ಮಾತಾಡುತ್ತವೆ, ಕಾಳಿ ನಿದ್ದೆಗಣ್ಣಿನಲ್ಲಿ ವರ ಕೊಡುತ್ತಾಳೆ. ಕಾರಂತರ ಸಂಗೀತವು ಈ ಸಾಧನಗಳನ್ನು ಒಂದು ಲಯಕ್ಕೆ ತಂದಿತು. ಪದ್ಮಿನಿಯ ದುರಂತವನ್ನು ಪ್ರೇಕ್ಷಕ ಅನುಭವಿಸುತ್ತಾನೆ. ಅದರ ಜೊತೆಗೆ ಪೂರ್ಣತೆಯ ಹಂಬಲ ಎಷ್ಟು ಹಾಸ್ಯಾಸ್ಪದವೆಂಬುದನ್ನೂ ಕಾಣುತ್ತಾನೆ.

ಜಡಭರತರ 'ಸತ್ತವರ ನೆರಳು' ಪ್ರಯೋಗದಲ್ಲಿ ಈ ಕ್ರಮ ಇನ್ನಷ್ಟು ಸೂಕ್ಷ್ಮವಾಯಿತು. ಮಠದ ಅಧಿಕಾರವನ್ನು ಕುರಿತ ಈ ನಾಟಕಕ್ಕೆ ಕಾರಂತರು ದಾಸರ ಪದಗಳನ್ನು ಹೊಂದಿಸಿದರು. ಕನ್ನಡ ಪ್ರೇಕ್ಷಕನಿಗೆ ಇವು ಮನೆಯಲ್ಲಿ, ಭಜನೆಯಲ್ಲಿ ಕೇಳಿ ಬೆಳೆದ ಪದಗಳು. ಪೀಠಕ್ಕಾಗಿ ನಡೆಯುವ ಹುನ್ನಾರಗಳ ನಡುವೆ ಅವೇ ಪದಗಳು ಕೇಳಿಬಂದಾಗ ಭಕ್ತಿಯೂ ಪರಿಚಿತ, ಹುನ್ನಾರವೂ ಪರಿಚಿತ. ಎರಡೂ ಒಂದೆಡೆ ಸೇರಿದ್ದು ಮಾತ್ರ ಅಪರಿಚಿತ. ಫಲಕ, ಘೋಷಣೆಗಳ ಹಂಗಿಲ್ಲದೆ, ಕೇಳಿದ ಹಾಡನ್ನೇ ಹೊಸದಾಗಿ ಕೇಳಿಸಿ ಸಾಧಿಸಿದ ದೂರವಿದು.

೫. ಚಲನಚಿತ್ರ: 'ವಂಶವೃಕ್ಷ'ದಿಂದ 'ಚೋಮನ ದುಡಿ'ಗೆ

ರಂಗಭೂಮಿಯಲ್ಲಿ ಹೀಗೆ ಪಳಗಿದ ಕಾರಂತರು ಚಲನಚಿತ್ರಕ್ಕೆ ಬಂದಾಗ ಅಲ್ಲಿ ಭಾಗವತನಿಗೆ ಸ್ಥಳವಿರಲಿಲ್ಲ. ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಕಾರ್ನಾಡರೊಂದಿಗೆ ಅವರು ನಿರ್ದೇಶಿಸಿದ 'ವಂಶವೃಕ್ಷ'ಕ್ಕೆ 1971ರ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ದೊರೆಯಿತು. ಶ್ರೋತ್ರಿ ಮತ್ತು ಕಾತ್ಯಾಯಿನಿಯರ ಸಂಘರ್ಷವನ್ನು ಆ ಚಿತ್ರ ಸಂಯಮದ ವಾಸ್ತವ ಮಾರ್ಗದಲ್ಲಿಯೇ ನಿರೂಪಿಸಿತು. ರಂಗಭೂಮಿಯ ನೆನಪನ್ನು ತೆರೆಗೆ ತರುವ ಪ್ರಯತ್ನ ಅಲ್ಲಿ ಪ್ರಧಾನವಾಗಿಲ್ಲ.

1975ರ 'ಚೋಮನ ದುಡಿ'ಯಲ್ಲಿ ಪರಿಸ್ಥಿತಿ ಬದಲಾಯಿತು. ಶಿವರಾಮ ಕಾರಂತರ 1933ರ ಕಾದಂಬರಿ ಅಸ್ಪೃಶ್ಯ ಜೀತದಾಳೊಬ್ಬನ ಕಥೆ. ತುಂಡು ನೆಲವನ್ನು ತಾನೇ ಉಳಬೇಕೆಂಬ ಚೋಮನ ಆಸೆಗೆ ಜಾತಿ ಅಡ್ಡವಾಗುತ್ತದೆ. ಎತ್ತುಗಳಿವೆ, ಉಳಲು ಭೂಮಿಯಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ಜ್ವರಕ್ಕೆ ಬಲಿಯಾಗುತ್ತಾನೆ, ಇನ್ನೊಬ್ಬ ಮತಾಂತರಗೊಳ್ಳುತ್ತಾನೆ, ಮತ್ತೊಬ್ಬ ನೀರಿನಲ್ಲಿ ಮುಳುಗುತ್ತಾನೆ, ಮಗಳು ಬೆಳ್ಳಿ ತೋಟದ ಮ್ಯಾನ್ವೆಲನ ಕೈಗೆ ಸಿಲುಕುತ್ತಾಳೆ. ಚೋಮ ದುಡಿ ಬಾರಿಸುತ್ತಲೇ ಸಾಯುತ್ತಾನೆ.

ಇಂತಹ ಕಥೆಯನ್ನು ತೆರೆಗೆ ತರುವಲ್ಲಿ ಒಂದು ದೊಡ್ಡ ಅಪಾಯವಿದೆ. ಒಂದಾದ ಮೇಲೊಂದು ಎರಗುವ ಸಾವುನೋವುಗಳು ಪ್ರೇಕ್ಷಕನಿಂದ ಸುಲಭವಾಗಿ ಕಣ್ಣೀರು ತರಿಸಬಲ್ಲವು. ಅತ್ತವನಿಗೆ ತನ್ನ ಮನಸ್ಸು ಒಳ್ಳೆಯದೆಂಬ ಸಮಾಧಾನ ದೊರೆಯುತ್ತದೆ. ಚೋಮನನ್ನು ಆ ಸ್ಥಿತಿಯಲ್ಲಿಟ್ಟ ವ್ಯವಸ್ಥೆಯಲ್ಲಿ ತನ್ನ ಪಾಲೆಷ್ಟು ಎಂಬ ಪ್ರಶ್ನೆ ಏಳುವುದಿಲ್ಲ. ಅನುಕಂಪವು ಹೀಗೆ ಪ್ರಶ್ನೆಗೆ ಪರ್ಯಾಯವಾಗಿಬಿಡುತ್ತದೆ. ಚಿತ್ರ ಬಂದ ಕಾಲವನ್ನು ನೆನೆದರೆ ಈ ಅಪಾಯದ ಗಾಂಭೀರ್ಯ ತಿಳಿಯುತ್ತದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವ ಗೇಣಿದಾರನಿಗೆ ಒಡೆತನ ನೀಡಲು ಹೊರಟಿತ್ತು. ಆದರೆ ಗೇಣಿಯ ಹಕ್ಕೂ ಇಲ್ಲದ ಚೋಮನಂತಹ ಕೂಲಿಯಾಳಿಗೆ ಅದರಲ್ಲಿ ದೊರೆಯುವುದು ಅಲ್ಪ. ದಲಿತ ಚಳವಳಿ ಕರ್ನಾಟಕದಲ್ಲಿ ರೂಪುಗೊಳ್ಳುತ್ತಿದ್ದುದೂ ಅದೇ ದಶಕದಲ್ಲಿ. ಚೋಮ ಕೇವಲ ಮರುಕದ ವಸ್ತುವಾಗಿ ಕಾಣಿಸಿಕೊಂಡಿದ್ದರೆ ಚಿತ್ರವು ತನ್ನ ಕಾಲಕ್ಕೆ ಬೆನ್ನು ತಿರುಗಿಸಿದಂತಾಗುತ್ತಿತ್ತು.

ಕಾರಂತರು ಇದಕ್ಕೆ ಕಂಡುಕೊಂಡ ದಾರಿ ದುಡಿಯಲ್ಲಿಯೇ ಇತ್ತು. ಚಿತ್ರದ ಸಂಗೀತವೂ ಅವರದೇ. ಎಸ್. ರಾಮಚಂದ್ರ ಅವರ ಛಾಯಾಗ್ರಹಣವು ಗುಡಿಸಲು, ಗದ್ದೆ, ಗುಡ್ಡಗಳನ್ನು ವಾಸ್ತವವಾಗಿ ಹಿಡಿಯುತ್ತದೆ, ಎಂ. ವಿ. ವಾಸುದೇವರಾಯರ ಚೋಮ ಮಾತು ಕಡಿಮೆಯಾದ, ದೇಹದಿಂದಲೇ ಬದುಕುವ ಚೋಮ. ಇಲ್ಲಿ ಕ್ಯಾಮೆರಾದೆಡೆಗೆ ತಿರುಗಿ ಮಾತಾಡುವ ಪಾತ್ರವಿಲ್ಲ, ಮುಖವಾಡವಿಲ್ಲ. ಮಾತು ನಿಂತ ಕಡೆ ದುಡಿ ಮಾತಾಡುತ್ತದೆ. ರೂಢಿಯ ಚಿತ್ರಗಳಲ್ಲಿ ಹಿನ್ನೆಲೆ ಸಂಗೀತವು ಪ್ರೇಕ್ಷಕನಿಗೆ ಏನನ್ನು ಅನುಭವಿಸಬೇಕೆಂದು ಮೊದಲೇ ಸೂಚಿಸುತ್ತದೆ. ಸಾವಿನ ಸನ್ನಿವೇಶದಲ್ಲಿ ತಂತಿವಾದ್ಯಗಳು ಅಳುತ್ತವೆ. ದುಡಿ ಅಳುವ ವಾದ್ಯವಲ್ಲ. ಅದರ ಪೆಟ್ಟಿನಲ್ಲಿ ದುಃಖ, ಸಿಟ್ಟು, ಹಟ, ಅಮಲು ಬೇರ್ಪಡಿಸಲಾಗದಂತೆ ಕಲೆತಿವೆ. ಆದ್ದರಿಂದ ಅದು ಪ್ರೇಕ್ಷಕನಿಗೆ ಸಿದ್ಧ ಭಾವವನ್ನು ಕೈಗಿಡುವುದಿಲ್ಲ.

ದುಡಿಯ ನಾದಕ್ಕೆ ಎರಡು ನೆಲೆಗಳಿವೆ. ಕಥೆಯೊಳಗೆ ಅದು ಚೋಮ ಬಾರಿಸುವ ವಾದ್ಯ. ಕಥನದಲ್ಲಿ ಅದೇ ಚಿತ್ರದ ಸಂಗೀತ. ಪಾತ್ರದ ಕೈಯಲ್ಲಿರುವ ವಾದ್ಯವೇ ಪಾತ್ರವನ್ನು ನಿರೂಪಿಸುವ ಹಿಮ್ಮೇಳವೂ ಆಗುತ್ತದೆ. ಬಯಲಾಟದಲ್ಲಿ ಚೆಂಡೆ, ಮದ್ದಲೆಗಳು ಭಾಗವತನ ಪಕ್ಕದಲ್ಲಿದ್ದು ಪಾತ್ರವನ್ನು ಕುಣಿಸುತ್ತವೆ. ಇಲ್ಲಿ ಆ ಅಧಿಕಾರ ಮೇಲ್ಜಾತಿಯ ನಿರೂಪಕನಿಗಾಗಲಿ ನಿರ್ದೇಶಕನಿಗಾಗಲಿ ಸೇರದೆ ಚೋಮನಿಗೇ ಸೇರುತ್ತದೆ. ಅವನ ಬದುಕಿನ ಮೇಲೆ ಅವನಿಗಿರುವ ಒಂದೇ ಒಡೆತನವೆಂದರೆ ಈ ಭಾಗವತಿಕೆ. ಪ್ರೇಕ್ಷಕನು ಚೋಮನ ನೋವನ್ನು ನೋಡುವವನಾಗಿ ಉಳಿಯದೆ ಅವನ ಸವಾಲನ್ನು ಕೇಳಿಸಿಕೊಳ್ಳುವವನಾಗುತ್ತಾನೆ. ವ್ಯಕ್ತಿಯ ಮೇಲಿನ ಕನಿಕರವು ಸ್ಥಿತಿಯ ಮೇಲಿನ ವಿಚಾರಣೆಯಾಗಿ ಮಾರ್ಪಡುವುದು ಈ ಹಂತದಲ್ಲಿ.

'ಚೋಮನ ದುಡಿ' ಅತ್ಯುತ್ತಮ ಚಿತ್ರಕ್ಕೆ ನೀಡುವ ಸ್ವರ್ಣಕಮಲವನ್ನು ಪಡೆಯಿತು. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂದಿತು. ಆದರೂ ಈ ಕ್ರಮದ ಮಿತಿಯನ್ನು ಮರೆಯುವಂತಿಲ್ಲ. ದುಡಿಯ ಲಯ ಎಷ್ಟು ಬಲವಾಗಿದೆಯೆಂದರೆ, ಅದನ್ನು ಚೋಮನ ಬದುಕಿನಿಂದ ಬೇರ್ಪಡಿಸಿ ಸುಂದರ ನಾದವಾಗಿ ಆಸ್ವಾದಿಸಲು ಸಾಧ್ಯವಿದೆ. ದೂರವು ಆಗ ವಿಚಾರಕ್ಕೆ ದಾರಿಯಾಗದೆ ನಿರ್ಲಿಪ್ತ ಮೆಚ್ಚುಗೆಗೆ ದಾರಿಯಾಗುತ್ತದೆ. ಚೋಮ ಒಬ್ಬಂಟಿಯಾಗಿಯೇ ಬಾರಿಸಿ ಒಬ್ಬಂಟಿಯಾಗಿಯೇ ಸಾಯುತ್ತಾನೆಂಬುದೂ ನಿಜ. 'ಜೋಕುಮಾರಸ್ವಾಮಿ'ಯ ಮೇಳಕ್ಕಿದ್ದ ಸಮುದಾಯದ ಬಲ ಅವನ ದುಡಿಗೆ ಒದಗಲಿಲ್ಲ. ಮೂಲ ಕಾದಂಬರಿಯ ದೃಷ್ಟಿಯೇ ಇದಕ್ಕೆ ಕಾರಣವೆನ್ನಬಹುದಾದರೂ ಚಿತ್ರವು ಅದನ್ನು ಮೀರಿಲ್ಲ.

೬. ಇತರರ ಚಿತ್ರಗಳಲ್ಲಿ ನಾದ

ಇತರ ನಿರ್ದೇಶಕರ ಚಿತ್ರಗಳಿಗೂ ಕಾರಂತರು ಸಂಗೀತ ನೀಡಿದರು. 'ಋಷ್ಯಶೃಂಗ' (1976) ಮತ್ತು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಚಿತ್ರಗಳ ಸಂಗೀತಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಕಾರ್ನಾಡರೊಂದಿಗೆ 'ತಬ್ಬಲಿಯು ನೀನಾದೆ ಮಗನೆ' (1977) ಚಿತ್ರವನ್ನು ನಿರ್ದೇಶಿಸಿದ್ದೂ ಇದೇ ಅವಧಿಯಲ್ಲಿ.

ಬಂಗಾಳಿ ನಿರ್ದೇಶಕ ಮೃಣಾಲ್ ಸೇನರೊಂದಿಗಿನ ಒಡನಾಟ ಪ್ರಸ್ತುತ ವಿಷಯಕ್ಕೆ ಹೆಚ್ಚು ಮಹತ್ವದ್ದು. 1970ರ 'ಇಂಟರ್‌ವ್ಯೂ' ಚಿತ್ರದಲ್ಲಿ ನಟನೇ ಪ್ರೇಕ್ಷಕರನ್ನು ಉದ್ದೇಶಿಸಿ ತಾನು ನಟನೆಂದು ಹೇಳಿಕೊಳ್ಳುವ ಮಟ್ಟಿಗೆ ಸೇನರು ದೂರೀಕರಣವನ್ನು ನೇರವಾಗಿ ಬಳಸಿದ್ದರು. ಕಾರಂತರು ಸಂಗೀತ ನೀಡಿದ 'ಏಕ್ ದಿನ್ ಪ್ರತಿದಿನ್' (1979) ಮತ್ತು 'ಖಾರಿಜ್' (1982) ಚಿತ್ರಗಳ ಹೊತ್ತಿಗೆ ಸೇನರ ಮಾರ್ಗ ಶಾಂತವಾಗಿತ್ತು. ಮೊದಲನೆಯದರಲ್ಲಿ ದುಡಿಯುವ ಮಗಳೊಬ್ಬಳು ರಾತ್ರಿ ಮನೆಗೆ ಬರುವುದಿಲ್ಲ. ಮರಳಿದ ಮೇಲೂ ಅವಳು ಎಲ್ಲಿದ್ದಳೆಂದು ಚಿತ್ರ ಹೇಳುವುದಿಲ್ಲ. ಎರಡನೆಯದರಲ್ಲಿ ಮನೆಗೆಲಸದ ಹುಡುಗ ಸಾಯುತ್ತಾನೆ. ಮಧ್ಯಮವರ್ಗದ ಯಜಮಾನರು ಹೊಣೆಯಿಂದ ತಪ್ಪಿಸಿಕೊಳ್ಳಲು ಒದ್ದಾಡುತ್ತಾರೆ. ಪ್ರೇಕ್ಷಕನ ಕುತೂಹಲವನ್ನೂ ಕನಿಕರವನ್ನೂ ತಣಿಸದೆ ಬಿಟ್ಟು ಅವನ ಕಡೆಗೇ ಬೆರಳು ತೋರುವ ಇಂತಹ ಚಿತ್ರಗಳಿಗೆ ಭಾವವನ್ನು ಉಕ್ಕಿಸದ ಸಂಗೀತ ಬೇಕಾಗಿತ್ತು. ಹಾಗಾಗಿ ಸೇನರು ರಂಗಭೂಮಿಯ ಕಾರಂತರನ್ನು ಅರಸಿದ್ದು ಆಕಸ್ಮಿಕವೆನಿಸುವುದಿಲ್ಲ.

೭. ಸಂಸ್ಥೆಗಳ ಕಾಲ

1977ರಿಂದ 1981ರವರೆಗೆ ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದರು. 'ಮ್ಯಾಕ್‌ಬೆತ್' ನಾಟಕವನ್ನು ಯಕ್ಷಗಾನದ ರೀತಿಯಲ್ಲಿ ಅಳವಡಿಸಿದ ಹಿಂದಿಯ 'ಬರ್ನಮ್ ವನ' ಈ ಕಾಲದ್ದು. ರಾಜನನ್ನು ಕೊಲ್ಲುವವನ ಅಂತರಂಗವನ್ನು ಮನೋವಿಜ್ಞಾನದ ಬದಲು ಕುಣಿತ ಮತ್ತು ತಾಳದ ಮೂಲಕ ಬಹಿರಂಗಗೊಳಿಸಿದ ಪ್ರಯೋಗವದು. 1981ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ನಂತರ ಭೋಪಾಲದ ಭಾರತ ಭವನದ ರಂಗಮಂಡಲವನ್ನು ಕಟ್ಟಿ, ಸಂಸ್ಕೃತ ನಾಟಕಗಳನ್ನು ಬುಂದೇಲಿ, ಮಾಳವಿ ಮುಂತಾದ ಉಪಭಾಷೆಗಳಲ್ಲಿ ಆಡಿಸಿದರು. ಕಾಳಿದಾಸನು ಹಳ್ಳಿಯ ಮಾತಿನಲ್ಲಿ ಕೇಳಿಬಂದಾಗ ಉಂಟಾಗುವುದೂ ಒಂದು ಬಗೆಯ ದೂರೀಕರಣವೇ. ಅಲ್ಲಿ ದೂರವಾಗುವುದು ಪಾಂಡಿತ್ಯದ ಹೊದಿಕೆ.

ಕರ್ನಾಟಕಕ್ಕೆ ಮರಳಿದ ಮೇಲೆ 1989ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡ ರಂಗಾಯಣದ ಮೊದಲ ನಿರ್ದೇಶಕರಾಗಿ 1995ರವರೆಗೆ ದುಡಿದರು. ಪು. ತಿ. ನರಸಿಂಹಾಚಾರ್ಯರ 'ಗೋಕುಲ ನಿರ್ಗಮನ'ವನ್ನು ರಂಗಕ್ಕೆ ತಂದದ್ದು ಅವರ ನಂತರದ ವರ್ಷಗಳ ಮುಖ್ಯ ಸಾಧನೆ. ಚಲನಚಿತ್ರ ನಿರ್ದೇಶನಕ್ಕೆ ಅವರು ಎಪ್ಪತ್ತರ ದಶಕದಷ್ಟು ತೀವ್ರವಾಗಿ ಮತ್ತೆ ತೊಡಗಲಿಲ್ಲ. 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ನಿಧನರಾದರು.

೮. ಸಮಾರೋಪ

ಕಾರಂತರು ತೀರಿಕೊಂಡ ಮರುವರ್ಷ, 2003ರಲ್ಲಿ, ಡೆನ್ಮಾರ್ಕಿನ ಲಾರ್ಸ್ ಫಾನ್ ಟ್ರಿಯರ್‌ನ 'ಡಾಗ್‌ವಿಲ್' ತೆರೆಕಂಡಿತು. ನೆಲದ ಮೇಲೆ ಬರೆದ ಗೆರೆಗಳೇ ಅಲ್ಲಿ ಮನೆ, ಬೀದಿ; ಗೋಡೆಗಳಿಲ್ಲದ ಊರಿನಲ್ಲಿ ನಡೆಯುವ ಹಿಂಸೆಯನ್ನು ಪ್ರೇಕ್ಷಕ ಅಡೆತಡೆಯಿಲ್ಲದೆ ಕಾಣುತ್ತಾನೆ, ಪಕ್ಕದ ಮನೆಯವರು ಕಾಣದವರಂತಿರುತ್ತಾರೆ. ರಂಗವನ್ನೇ ತೆರೆಗೆ ತಂದು ಸಾಧಿಸಿದ ದೂರವದು. ಕಾರಂತರದು ಇದಕ್ಕೆ ಪ್ರತಿಯಾದ ದಾರಿ. ಅವರು ತೆರೆಯ ಮೇಲೆ ಗೋಡೆಯನ್ನೂ ಗದ್ದೆಯನ್ನೂ ಉಳಿಸಿಕೊಂಡು, ರಂಗಭೂಮಿಯನ್ನು ನಾದದಲ್ಲಿ ಮಾತ್ರ ಪ್ರವೇಶಗೊಳಿಸಿದರು.

ಈ ವ್ಯತ್ಯಾಸದಿಂದ ದೂರೀಕರಣದ ಸ್ವರೂಪವೇ ಮರುಚಿಂತನೆಗೆ ಒಳಗಾಗುತ್ತದೆ. ಭ್ರಮೆಯನ್ನು ಒಡೆಯುವುದರಿಂದ ಮಾತ್ರ ಪ್ರೇಕ್ಷಕ ಎಚ್ಚರಗೊಳ್ಳುತ್ತಾನೆಂಬುದು ಪೂರ್ಣ ಸತ್ಯವಲ್ಲ. ಹಾಡಿಗೆ ತಲೆದೂಗುತ್ತಲೇ ಅರ್ಥಗಾರಿಕೆಯನ್ನು ತೂಗಬಲ್ಲ ಪ್ರೇಕ್ಷಕ ಪರಂಪರೆಯೊಂದು ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಕಾರಂತರು ಆ ಪರಂಪರೆಯನ್ನು ನಂಬಿ ಚಲನಚಿತ್ರ ಮಾಡಿದರು. ದೃಶ್ಯದ ಸಾಮೀಪ್ಯ ಮತ್ತು ನಾದದ ದೂರ ಒಟ್ಟಿಗೆ ಕೆಲಸ ಮಾಡಿದಾಗ ಕನಿಕರವು ವಿಚಾರಣೆಯಾಗಿ ಬೆಳೆಯಬಲ್ಲುದೆಂಬುದಕ್ಕೆ 'ಚೋಮನ ದುಡಿ' ಇಂದಿಗೂ ಸಾಕ್ಷಿಯಾಗಿದೆ. ಕನ್ನಡ ಚಲನಚಿತ್ರದ ಅಧ್ಯಯನವು ಕಥೆ ಮತ್ತು ದೃಶ್ಯಗಳಿಗೆ ಕೊಟ್ಟಷ್ಟು ಗಮನವನ್ನು ನಾದಕ್ಕೂ ಕೊಡಬೇಕಾದ ಅಗತ್ಯವನ್ನು ಕಾರಂತರ ಬದುಕು ಒತ್ತಿಹೇಳುತ್ತದೆ.